ಹೇರಿದ ಮಣ್ಣಿನ ಹೊಲ

ಗುರುವಾರ, ೨೦೨೪ರ ನವೆಂಬರ್ ೧೪. ನೋಡಿದ ಆಕರ: ಬೀಳಗಿ ತಾಲ್ಲೂಕಿನ ಗುಡ್ಡಸಾಲನ್ನು ತೋರಿಸುವ ಹಳೆಯ ಸ್ಥಳಾಕೃತಿ ನಕ್ಷೆ, ಬಟ್ಟೆಗೆ ಅಂಟಿಸಿದ ಪ್ರತಿ. ಸಮೀಕ್ಷೆ ನಡೆದದ್ದು ನಾನು ಹುಟ್ಟುವ ಮೊದಲು. ಮುದ್ರಣವಾದದ್ದು ಅದಕ್ಕಿಂತ ತಡವಾಗಿ. ಈ ಎರಡನ್ನೂ ಒಂದೇ ವರ್ಷವೆಂದು ತಿಳಿಯುವುದು ನಕ್ಷೆ ಓದುವವರು ಸಾಮಾನ್ಯವಾಗಿ ಮಾಡುವ ತಪ್ಪು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ರಬಕವಿಯ ನಮ್ಮ ಮನೆಯಲ್ಲಿ, ಪಡಸಾಲೆಯ ನೆಲದ ಮೇಲೆ ನಕ್ಷೆ ಹಾಸಿ, ಮೂಲೆಗಳು ಸುರುಳಿ ಸುತ್ತದಂತೆ ಸ್ಟೀಲ್ ಡಬ್ಬಿಗಳನ್ನಿಟ್ಟು, ಭೂತಗನ್ನಡಿ ಹಿಡಿದು ಕುಳಿತಿದ್ದೆ. ಹಿಂದಿನ ಓಣಿಯ ಮಗ್ಗಗಳ ಸದ್ದು ಎಂದಿನಂತೆ ಗೋಡೆಯನ್ನು ನಡುಗಿಸುತ್ತಿತ್ತು. ನಾನು ಹುಡುಕುತ್ತಿದ್ದುದು ಒಂದೇ ಒಂದು ಇಳಿಜಾರು. ಆ ಇಳಿಜಾರಿನ ಬುಡದಲ್ಲಿ ನನ್ನ ಅಕ್ಕನ ಹೊಲವಿದೆ. ಬೆಳಿಗ್ಗೆಯೇ ಅವಳ ಫೋನ್ ಬಂದಿತ್ತು.

“ತಮ್ಮಾ, ಶನಿವಾರ ಊರಾಗ ಮಂದಿ ಕೂಡ್ತಾರ. ಗುಡ್ಡ ಮೊದಲ ಹೆಂಗಿತ್ತು, ಯಾವಾಗ ಬೋಳ ಆತು, ಎಲ್ಲಾ ನೋಡಕೊಂಡ ಬಾ. ನೀ ಹೇಳಿದ್ರ ಕೇಳ್ತಾರ.”

“ಸಾಕ್ಷಿ ಇಲ್ಲದ ನಾ ಮಾತಾಡಾಂಗಿಲ್ಲ ಅಕ್ಕಾ.”

“ಅದಕ್ಕ ಎರಡ ದಿನಾ ಮೊದಲ ಹೇಳಾಕತ್ತೇನಿ. ನಿನಗ ಹೌದು ಅನ್ನಾಕ ಒಂದಿನಾ ಬೇಕು, ಅಲ್ಲ ಅನ್ನಾಕ ಇನ್ನೊಂದ ದಿನಾ.”

ಅವಳು ನಗುತ್ತಿದ್ದರೂ ವಿಷಯ ನಗುವಂಥದ್ದಾಗಿರಲಿಲ್ಲ. ಅಕ್ಟೋಬರಿನ ಚಿತ್ತಿ ಮಳೆ ಒಂದೇ ಸಂಜೆ ಸುರಿದು, ಗುಡ್ಡದ ನೀರೆಲ್ಲ ಅವಳ ಹೊಲದ ಮೇಲಂಚಿಗೆ ನುಗ್ಗಿ, ಒಂದು ಕೊರಕಲನ್ನು ತೆರೆದಿತ್ತು. ಆ ಕೊರಕಲು ಮುಂದಿನ ಮಳೆಗಾಲದಲ್ಲಿ ಬೆಳೆದರೆ ಹೊಲವೇ ಉಳಿಯುವುದಿಲ್ಲ. ಏಕೆಂದರೆ ಆ ಹೊಲದ ಮಣ್ಣು ಆ ಜಾಗದ್ದಲ್ಲ. ಹೋದರೆ ಅದರ ಕೆಳಗೆ ಇನ್ನೊಂದು ಮಣ್ಣಿಲ್ಲ, ಕಲ್ಲಿದೆ.

ಇದನ್ನು ಸ್ವಲ್ಪ ವಿವರಿಸಬೇಕು. ಅಕ್ಕನನ್ನು ಕೊಟ್ಟ ಮನೆಯವರ ಮೂಲ ಹೊಲ ಹೊಳೆಯ ದಂಡೆಯಲ್ಲಿತ್ತು. ಅದು ಎರೆಭೂಮಿ, ಹಿಂಗಾರಿ ಜೋಳ ಇಬ್ಬನಿಗೇ ತೆನೆ ಕಟ್ಟುವಂಥ ಕಪ್ಪು ಮಣ್ಣು. ಆಲಮಟ್ಟಿಯ ಹಿನ್ನೀರಿನಲ್ಲಿ ಅದು ಮುಳುಗುವುದೆಂದು ಗೊತ್ತಾದಾಗ, ಅವರ ಪಾಲಿಗೆ ಉಳಿದದ್ದು ಗುಡ್ಡದ ಬುಡದ ಮಡ್ಡಿ. ನಮ್ಮ ಕಡೆ ಕೆಂಪು ಗರಸು ನೆಲಕ್ಕೆ, ಅಂದರೆ ಹರಳುಕಲ್ಲು ಬೆರೆತ ನೆಲಕ್ಕೆ, ಹೇಳುವ ಮಾತು ಅದು. ನೀರು ಬರುವ ಮುಂಚಿನ ಬೇಸಿಗೆಯಲ್ಲಿ ಅಕ್ಕ ಮತ್ತು ಅವಳ ಯಜಮಾನರು ಆ ಭಾಗದ ಇತರ ಅನೇಕರಂತೆಯೇ ಮಾಡಿದರು: ಮುಳುಗಲಿದ್ದ ಸ್ವಂತ ಹೊಲದ ಮೇಲ್ಮಣ್ಣನ್ನು ಕೆತ್ತಿ, ಟ್ರ್ಯಾಕ್ಟರಿಗೆ ಹೇರಿ, ಮಡ್ಡಿಯ ಮೇಲೆ ಹಾಸಿದರು. ಮೊದಲನೆಯ ಬುಟ್ಟಿಗೆ ಅರಿಸಿನ ಕುಂಕುಮ ಹಚ್ಚಿದ್ದರು. ಅದನ್ನು ಟ್ರ್ಯಾಕ್ಟರಿಗೆ ಹಾಕದೆ ಅಕ್ಕ ತಲೆಯ ಮೇಲೆ ಹೊತ್ತು ನಡೆದಳು. ಗಂಡನ ಮನೆಗೆ ಹೊರಟ ಮಗಳು ತುಂಬಿದ ಉಡಿ ಚೆಲ್ಲಬಾರದೆಂದು ನಡೆಯುತ್ತಾಳಲ್ಲ, ಹಾಗೆ.

ಆಗ ನಾನು ಉದ್ಯೋಗದಲ್ಲಿದ್ದೆ. ಒಣ ಗುಡ್ಡಪ್ರದೇಶಗಳ ಭೂಹೊದಿಕೆ, ಅಂದರೆ ನೆಲವನ್ನು ಯಾವುದು ಹೊದ್ದಿದೆ, ಹುಲ್ಲೋ ಪೊದೆಯೋ ಬೆಳೆಯೋ ಬರೀ ಕಲ್ಲೋ ಎಂಬುದು ನನ್ನ ಅಧ್ಯಯನದ ವಿಷಯವಾಗಿತ್ತು. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಬೂದು ಗುಡ್ಡಗಳ ಬುಡದಲ್ಲಿ ಇದ್ದಕ್ಕಿದ್ದಂತೆ ಕಪ್ಪು ತೇಪೆಗಳು ಕಾಣಿಸಿಕೊಂಡಾಗ, ದೂರದ ಊರಿನ ಸಹೋದ್ಯೋಗಿಗಳು ಅವುಗಳನ್ನು ನೆರಳೆಂದರು, ಸುಟ್ಟ ಕೂಳೆಯೆಂದರು. ಅದು ನನ್ನ ಅಕ್ಕನ ಹೊಲವೆಂದು ನಾನು ಹೇಳಿದಾಗ ಯಾರೂ ನಂಬಲಿಲ್ಲ. ನದಿ ಕೆಳಗಿಂದ ಮೇಲಕ್ಕೆ ಮಣ್ಣು ತಂದು ಹಾಕುವುದಿಲ್ಲ ಎಂಬುದು ಅವರ ವಾದ. ಶಾಸ್ತ್ರದ ಮಟ್ಟಿಗೆ ಅದು ಸರಿಯೇ.

ಹೇರಿದ ಮಣ್ಣಿನ ಗುಣವೊಂದಿದೆ. ಅದು ಕೆಳಗಿನ ಗರಸಿನೊಡನೆ ಬೆರೆಯುವುದಕ್ಕೆ ತಲೆಮಾರುಗಳು ಬೇಕು. ಅಲ್ಲಿಯವರೆಗೆ ಅದು ಹಾಸಿಗೆಯ ಮೇಲಿನ ಕೌದಿಯಂತೆ ಸುಮ್ಮನೆ ಮಲಗಿರುತ್ತದೆ. ಮೆತ್ತಗೆ ಬೀಳುವ ಮಳೆಯನ್ನು ಕುಡಿಯುತ್ತದೆ. ಆದರೆ ಮೇಲಿನ ಗುಡ್ಡದಿಂದ ನೀರು ಒಮ್ಮೆಲೇ ಇಳಿದು ಎರಡು ಪದರಗಳ ನಡುವೆ ಹೊಕ್ಕರೆ, ಕೌದಿ ಜಾರುತ್ತದೆ. ಗುಡ್ಡದ ಮೇಲೆ ಹುಲ್ಲು ಇರುವವರೆಗೆ ನೀರು ನಿಂತು ಇಳಿಯುತ್ತದೆ. ಹುಲ್ಲು ಹೋದರೆ ಓಡುತ್ತದೆ. ಅಕ್ಕನ ಬೇಡಿಕೆ ಇಷ್ಟೇ ಆಗಿತ್ತು: ಗುಡ್ಡದ ಆ ಮೈಯನ್ನು ಬೇಸಿಗೆಯ ಮೊದಲೇ ಮೇವಿಗೆ ಬಂದ್ ಮಾಡಬೇಕು, ಕಲ್ಲಿನ ಒಡ್ಡು ಹಾಕಬೇಕು, ಹುಲ್ಲು ಬರಬೇಕು.

ನಕ್ಷೆ ಆ ಇಳಿಜಾರಿನಲ್ಲಿ ತೋರಿಸಿದ್ದು ಚೆದುರಿದ ಕುರುಚಲು. ಮರದ ಚಿಹ್ನೆ ಇಲ್ಲ. ಹುಲ್ಲಿಗೆ ಪ್ರತ್ಯೇಕ ಚಿಹ್ನೆಯನ್ನು ಸಮೀಕ್ಷಕರು ಅಲ್ಲಿ ಬಳಸಿಲ್ಲ. ಆದ್ದರಿಂದ ಹುಲ್ಲಿತ್ತು ಎಂದೂ ಹೇಳಲಾಗದು, ಇರಲಿಲ್ಲ ಎಂದೂ ಹೇಳಲಾಗದು. ಇಷ್ಟನ್ನು ಖಚಿತಪಡಿಸಿಕೊಂಡು ಮರುದಿನ ಹೊರಟೆ.

ಜಮಖಂಡಿಯಲ್ಲಿ ಬಸ್ ಬದಲಿಸಿ ಮುಧೋಳ ದಾಟುವಾಗ ರಸ್ತೆಯ ಎರಡೂ ಬದಿಗೆ ಕಬ್ಬು ಗೋಡೆಯಂತೆ ನಿಂತಿತ್ತು. ಹಿಂದೆ ಎರಡೆರಡು ಟ್ರೇಲರ್ ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಕಾರ್ಖಾನೆಯತ್ತ ತೂಗಾಡುತ್ತಿದ್ದವು. ತುಬಚಿಯ ಏತ ನೀರಾವರಿಯಿಂದ ಹೊಳೆಯ ನೀರು ಹರಿದ ಮೇಲೆ ಸಾವಳಗಿ ಕಡೆಯ ಮಡ್ಡಿಯಲ್ಲೂ ಈಗ ಹಸಿರು ಕಾಣುತ್ತದೆ. ಉಪಗ್ರಹದ ಚಿತ್ರಗಳನ್ನು ವರ್ಷವರ್ಷ ಹೋಲಿಸಿದರೆ ನಮ್ಮ ಸೀಮೆ ಹಸಿರಾಗುತ್ತ ನಡೆದಿದೆ ಎಂದೇ ತೋರುತ್ತದೆ. ಚಿತ್ರ ಸುಳ್ಳು ಹೇಳುವುದಿಲ್ಲ. ಆದರೆ ಕಬ್ಬಿನ ಹಸಿರನ್ನೂ, ಹಳ್ಳದ ಪಕ್ಕದ ಬಳ್ಳಾರಿ ಜಾಲಿಯ ಹಸಿರನ್ನೂ, ಗುಡ್ಡದ ಹುಲ್ಲಿನ ಹಸಿರನ್ನೂ ಒಟ್ಟಿಗೆ ಕೂಡಿಸಿಬಿಡುತ್ತದೆ. ತಗ್ಗಿನಲ್ಲಿ ಹಸಿರು ಏರಿದಷ್ಟೂ ಎತ್ತರದಲ್ಲಿ ಅದು ಇಳಿದಿರುವುದು ಆ ಮೊತ್ತದಲ್ಲಿ ಮುಚ್ಚಿಹೋಗುತ್ತದೆ. ವೃತ್ತಿಯಲ್ಲಿದ್ದಾಗ ಇದನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೆ. ಈ ಸಲ ಅದನ್ನು ಊರಿನ ಸಭೆಯಲ್ಲಿ, ಕುರಿ ಕಾಯುವವರ ಎದುರು ಹೇಳಬೇಕಿತ್ತು.

ಮಧ್ಯಾಹ್ನ ಅಕ್ಕನೊಡನೆ ಹೊಲಕ್ಕೆ ಹೋದೆ. ಕೊರಕಲು ನನ್ನ ಎದೆಯ ಆಳಕ್ಕಿತ್ತು. ಅದರ ಗೋಡೆಯಲ್ಲಿ ಎರಡು ಬಣ್ಣಗಳು ಚಾಕುವಿನಿಂದ ಗೀರಿದಂತೆ ಬೇರೆಬೇರೆಯಾಗಿದ್ದವು: ಮೇಲೆ ಹೊಳೆಯ ಕಪ್ಪು, ಕೆಳಗೆ ಗುಡ್ಡದ ಕೆಂಪು. ಕಪ್ಪು ಮಣ್ಣಿನಲ್ಲಿ ಹೊಳೆಯ ಕಪ್ಪೆಚಿಪ್ಪಿನ ಚೂರುಗಳು ಇನ್ನೂ ಇದ್ದವು.

ಮೇಲಿಂದ ಕುರಿಗಳ ಗಂಟೆಯ ಸದ್ದು ಕೇಳಿಸಿತು. ಹಿಂಡಿನ ಹಿಂದೆ ಕಂಬಳಿ ಹೆಗಲಿಗೇರಿಸಿಕೊಂಡು ಬಂದವರು ಗುಡ್ಡದ ಆಚೆ ಬದಿಗೆ ಹಟ್ಟಿ ಹಾಕಿಕೊಂಡಿರುವ ಕುರಿಗಾರ ಹಿರಿಯರು. ಅಕ್ಕನಿಗಿಂತ ಸ್ವಲ್ಪ ದೊಡ್ಡವರು. ಅವಳು ಸೊಸೆಯಾಗಿ ಊರಿಗೆ ಬಂದ ದಿನದಿಂದ ಪರಿಚಯ. ಊರಿನಲ್ಲಿ ಅವರದೇ ದೊಡ್ಡ ಹಿಂಡು. ಶನಿವಾರದ ಸಭೆಯಲ್ಲಿ ಅಕ್ಕನಿಗೆ ಎದುರಾಳಿಯೂ ಅವರೇ.

“ನೋಡ ಅಣ್ಣಾ,” ಎಂದಳು ಅಕ್ಕ, ಕೊರಕಲನ್ನು ತೋರಿಸಿ. “ನಿನ್ನ ಕುರಿ ಮ್ಯಾಲ ಹುಲ್ಲ ತಿಂತಾವು, ಕೆಳಗ ನನ್ನ ಹೊಲಾ ಹರಕೊಂಡ ಹೋಗತೈತಿ.”

“ಕುರಿ ಬಾಯಾಗ ಸಲಿಕಿ ಇರ್ತೈತೇನ್ ತಂಗೆವ್ವಾ? ಮಳಿ ಒಯ್ದೈತಿ. ಮಳಿಗಿ ಹೇಳ.”

“ಮಳಿ ನನ್ನ ಕೈಗಿ ಸಿಗಾಂಗಿಲ್ಲ. ನೀ ಸಿಗ್ತಿ. ಅದಕ್ಕ ನಿನಗ ಹೇಳಾಕತ್ತೇನಿ.”

ಅವರು ನಕ್ಕು ನನ್ನ ಕಡೆ ತಿರುಗಿದರು. “ಸಾಹೇಬ್ರ, ನಿಮ್ಮ ಅಕ್ಕಾರ್ನ ಕೋರ್ಟಿಗಿ ಕಳಿಸಬೇಕಾಗಿತ್ತರಿ. ಹೊಲಕ್ಕ ಕಳಿಸಿ ನಮ್ಮ ಜೀವಾ ತಿಂದ್ರಿ.” ಆಮೇಲೆ ನಗು ನಿಲ್ಲಿಸಿ ಹೇಳಿದರು: “ಮೊದಲ ಹೊಳಿ ದಂಡಿ ಇತ್ತರಿ, ಅದು ನೀರಾಗ ಹೋತು. ಆಮ್ಯಾಲ ಮಡ್ಡಿ ಇತ್ತು, ಅದು ಕಬ್ಬಿನಾಗ ಹೋತು. ಗುಡ್ಡ ಒಂದ ಉಳದೈತಿ. ಅದನ್ನೂ ಬಂದ್ ಮಾಡಿದ್ರ ಕುರಿ ಎಲ್ಲಿ ಮೇಸಲಿ, ನನ್ನ ತಲಿ ಮ್ಯಾಲೇನ್ರಿ?”

ಅವರ ತಲೆ ಬೋಳಾಗಿತ್ತು. ಅಕ್ಕ ಅದನ್ನೇ ನೋಡುತ್ತ ಹೇಳಿದಳು: “ಅಲ್ಲೂ ಏನೂ ಉಳಿಸಿಲ್ಲಲಾ ಅಣ್ಣಾ.”

ಸಭೆ ಶನಿವಾರ, ಬೆಳಗಿನ ಹಾಲು ಹಾಕುವ ಹೊತ್ತು ಮುಗಿದ ಮೇಲೆ, ಡೇರಿಯ ಮುಂದಿನ ಕಟ್ಟೆಯಲ್ಲಿ ಸೇರಿತು. ನಾನು ಮೂರು ವಿಷಯ ಹೇಳಿದೆ. ನಕ್ಷೆಯಿಂದ ಗುಡ್ಡ ಕಾಡಾಗಿತ್ತೆಂದು ಸಾಬೀತಾಗುವುದಿಲ್ಲ. ಹತ್ತಿರದ ಮಳೆಮಾಪಕ ಪಟ್ಟಣದಲ್ಲಿದೆ, ಗುಡ್ಡದ ಮೇಲೆ ಬಿದ್ದ ಮಳೆಯೆಲ್ಲ ಅದರಲ್ಲಿ ಬಿದ್ದಿರಬೇಕೆಂದಿಲ್ಲ. ಆದರೂ ದಿನಗಟ್ಟಲೆ ಹನಿಯುತ್ತಿದ್ದ ಮಳೆ ಈಗ ಗಳಿಗೆಯಲ್ಲಿ ಸುರಿದು ಹೋಗುತ್ತದೆಂಬ ಊರವರ ಮಾತಿಗೆ ಅಲ್ಲಿನ ಅಳತೆ ವಿರುದ್ಧವಾಗಿಲ್ಲ. ಇಂಥ ಮಳೆಯ ಕಾಲದಲ್ಲಿ ಬರಿಮೈಯ ಗುಡ್ಡ ಹಿಂದಿಗಿಂತ ಹೆಚ್ಚು ಅಪಾಯಕಾರಿ. ಇಷ್ಟು ಹೇಳಿ ಕುಳಿತೆ.

ಡೇರಿಯ ಅಧ್ಯಕ್ಷರು ತಲೆ ಕೆರೆದುಕೊಂಡರು. “ಎಲ್ಲಾ ಖರೆ ಸರ್ರ. ಆದ್ರ ತಪ್ಪ ಯಾರದು?”

“ನಕ್ಷೆಯೊಳಗ ತಪ್ಪಿಗೆ ಬಣ್ಣ ಇಲ್ರಿ,” ಎಂದೆ.

ಆಗ ಪ್ರತಿಯೊಬ್ಬರೂ ತಮ್ಮತಮ್ಮ ಇಸವಿ ಹೇಳತೊಡಗಿದರು. ಬೆಲ್ಲದ ಗಾಣಗಳ ಒಲೆಗೆ ಪೊದೆ ಕಡಿದಾಗ ಗುಡ್ಡ ಬೋಳಾಯಿತೆಂದು ಕುರಿಗಾರ ಹಿರಿಯರು. ಹೊಳೆದಂಡೆ ಮುಳುಗಿ ಹಿಂಡುಗಳೆಲ್ಲ ಮೇಲೆ ಬಂದಾಗ ಎಂದು ಅಕ್ಕ. ಮಳೆ ಕೈಕೊಟ್ಟ ಸಾಲುವರ್ಷಗಳಲ್ಲಿ ಎಂದು ಅಧ್ಯಕ್ಷರು.

“ನನಗ ಪಕ್ಕಾ ನೆನಪೈತಿ,” ಎಂದರು ಹಿರಿಯರು, “ನನ್ನ ಎರಡನೇ ಮಗನ ಮದುವಿ ವರ್ಷ.”

“ಲಗ್ನಪತ್ರ ಇಟ್ಟೀರೇನ್ರಿ?” ಎಂದು ಕೇಳಿದೆ. ಇಸವಿ ಮುದ್ರಿತವಾಗಿರುತ್ತದೆಂಬುದಷ್ಟೇ ನನ್ನ ಉದ್ದೇಶ.

“ಮಗನ್ನ ಇಟಗೊಳ್ಳಾಕ ಆಗಲಿಲ್ಲ ಅವಂಗ, ಬ್ಯಾರೆ ಮನಿ ಮಾಡ್ಯಾನ,” ಎಂದು ಅಧ್ಯಕ್ಷರು ನಡುವೆ ಬಾಯಿ ಹಾಕಿದರು. “ಪತ್ರ ಎಲ್ಲಿಂದ ಇಟ್ಟಿರ್ತಾನ್ರಿ ಸರ್ರ?”

ಕಟ್ಟೆಯೆಲ್ಲ ನಕ್ಕಿತು. ಹಿರಿಯರೂ ನಕ್ಕರು, ಆದರೆ ಎದ್ದು ಕಂಬಳಿ ಕೊಡವಿದರು. ಅವರು ಹೋದರೆ ಮಾತು ಮುರಿದಂತೆಯೇ. ಅಕ್ಕ ಕುಳಿತಲ್ಲಿಂದಲೇ ಕರೆದಳು.

“ಅಣ್ಣಾ, ಕೂಡ್ರು. ತಪ್ಪ ನಿಂದ ಅನ್ನಾಕ ನಾ ಬಂದಿಲ್ಲ. ಗುಡ್ಡ ಪೂರಾ ಬ್ಯಾಡ, ಅರ್ಧಾ ಬಂದ್ ಮಾಡೂಣು. ನನ್ನ ಹೊಲದ ಮ್ಯಾಲಿನ ಮೈ ಅಷ್ಟ. ಈ ವರ್ಷ ಅದು ಉಳೀಲಿ, ಹುಲ್ಲ ಬೀಜಾ ಉದರಿಸಲಿ. ಆಮ್ಯಾಲ ನಿನಗ ಬಿಟ್ಟು, ಆ ಕಡೀದ ಬಂದ್ ಮಾಡೂಣು.”

“ಮಳಿಗಾಲದಾಗ ಅರ್ಧಾ ಗುಡ್ಡದಾಗ ನನ್ನ ಹಿಂಡಿನ ಹೊಟ್ಟಿ ತುಂಬತೈತೇನ್ ಬೇ?”

“ತುಂಬಾಂಗಿಲ್ಲ. ಅದಕ್ಕ ರಾಶಿ ಮುಗದಿಂದ ಗುಡ್ಡದ ಬುಡಕ ಹೊಲಾ ಇರೂ ನಮ್ಮ ಆರೂ ಮನಿ ಹೊಲದಾಗ ನಿನ್ನ ಕುರಿ ತರಬು. ಕೂಳಿ ತಿನ್ಲಿ. ಗೊಬ್ಬರ ನಮಗ, ಕಾಳ ನಿನಗ. ಮಳಿಗಾಲದಾಗ ಬದುವಿನ ಹುಲ್ಲು ನಮ್ಮ ಸೊಸ್ತೇರ ಕೊಯ್ದ ತಂದ ಹಾಕ್ತಾರ. ಸುಮ್ಮ ಹೇಳಾಕತ್ತಿಲ್ಲ, ಮನ್ಯಾಗ ಕೇಳೇ ಬಂದೇನಿ.”

ಕುರಿ ತರಬುವುದೆಂದರೆ ಹಿಂಡನ್ನು ರಾತ್ರಿ ಹೊಲದಲ್ಲಿ ಕೂಡಿಹಾಕಿ ಗೊಬ್ಬರ ಮಾಡಿಸುವ ಹಳೆಯ ಪದ್ಧತಿ. ಸರಕಾರಿ ಗೊಬ್ಬರದ, ಅಂದರೆ ರಾಸಾಯನಿಕ ಗೊಬ್ಬರದ, ಚೀಲ ಬಂದ ಮೇಲೆ ಆ ಊರಿನಲ್ಲಿ ಅದು ಬಹುತೇಕ ನಿಂತಿತ್ತು. ಹಿರಿಯರು ಕಂಬಳಿ ಹಾಸಿ ಮತ್ತೆ ಕುಳಿತರು. ಆದರೆ ಒಂದು ಷರತ್ತು ಹಾಕಿದರು: ಮನೆ ಕಟ್ಟುವ ನೆಪದಲ್ಲಿ ಯಾರೂ ಗುಡ್ಡದ ಬುಡದಿಂದ ಗರಸು ಅಗೆಯಬಾರದು, ಅಕ್ಕನ ಮನೆಯವರೂ ಸಹ. ಅಕ್ಕನ ಮನೆಯಲ್ಲಿ ದನದ ಕೊಟ್ಟಿಗೆಯ ಕೆಲಸ ಅರ್ಧಕ್ಕೆ ನಿಂತಿತ್ತು, ಗರಸು ಇನ್ನೂ ಬೇಕಿತ್ತು. ಅವಳು ಒಪ್ಪಿದಳು. ಮನೆಗೊಬ್ಬರಂತೆ ಕಲ್ಲಿನ ಕೆಲಸಕ್ಕೆ ಬರಬೇಕೆಂದೂ, ಎಳ್ಳಮಾವಾಸ್ಯೆ ಕಳೆದ ಮೇಲೆ ಆರಂಭಿಸಬೇಕೆಂದೂ ನಿರ್ಧಾರವಾಯಿತು. ಅಮಾವಾಸ್ಯೆ ಡಿಸೆಂಬರ್ ೩೦, ಸೋಮವಾರ, ಪಂಚಾಂಗ ನೋಡಿದ್ದೇನೆ. ಕೆಲಸ ಆ ವಾರದ ಭಾನುವಾರ, ಜನವರಿ ೫ರಂದು.

ಒಡ್ಡನ್ನು ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆ ಉಳಿದಿತ್ತು. ಇದು ಸಣ್ಣ ಪ್ರಶ್ನೆಯಲ್ಲ. ಕೊರಕಲಿನ ಬಾಯಿಗೆ ಎಷ್ಟು ಕಲ್ಲು ತುಂಬಿದರೂ, ನೀರು ಮೊದಲು ಒಟ್ಟುಗೂಡುವ ಜಾಗವನ್ನು ಬಿಟ್ಟರೆ ಮುಂದಿನ ಚಿತ್ತಿ ಮಳೆ ಆ ಕಲ್ಲನ್ನೂ ಹೊತ್ತು ಹೋಗುತ್ತದೆ. ಹೊಲವನ್ನು ಉಳಿಸಿಕೊಳ್ಳುವುದಕ್ಕೆ ನಮಗೆ ಇದ್ದುದು ಒಂದೇ ಬೇಸಿಗೆ. ಇಳಿಜಾರನ್ನು ಎರಡು ಸಲ ಹತ್ತಿ ಇಳಿದರೂ ನನಗೆ ನೆಲೆ ಸಿಗಲಿಲ್ಲ. ಗುಡ್ಡದ ಹೆಗಲಿನಿಂದ ಕೊರಕಲಿನವರೆಗೆ ನೆಲ ಎಲ್ಲೋ ತುಸು ತಗ್ಗಾಗಿದೆಯೆಂದು ಕಾಲಿಗೆ ತಿಳಿಯುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಹಿಂದಿನ ಕಚೇರಿಯ ಕಿರಿಯ ಸಹೋದ್ಯೋಗಿಯೊಬ್ಬರಿಗೆ ಬರೆದು, ಹಿನ್ನೀರು ಬರುವ ಮುಂಚಿನ ಬೇಸಿಗೆಯ ಉಪಗ್ರಹ ಚಿತ್ರವನ್ನು ಕೇಳಿದೆ. ಆ ಕಾಲದ ಬಣ್ಣದ ಚಿತ್ರಗಳಲ್ಲಿ ಇಂಥ ಸಣ್ಣ ವಿವರ ಮೂಡುವುದಿಲ್ಲ. ಕಪ್ಪು-ಬಿಳುಪಿನದೇ ಬೇಕೆಂದು ಒತ್ತಿ ಬರೆದಿದ್ದೆ. ಚಿತ್ರ ಬಂದದ್ದು ಕೆಲಸದ ಹಿಂದಿನ ದಿನ, ಶನಿವಾರ ಮಧ್ಯಾಹ್ನ. ಅಕ್ಕನ ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಬಿಡಿಸಿ ನೋಡಿದೆ.

ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ಮನೆತನ ನಮ್ಮದು. ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ಮೂರು ಸಲ ಕರೆದಳು. ನಾನು ಏಳದಿದ್ದಾಗ ಹಿಟ್ಟಿನ ಕೈಯಲ್ಲೇ ಬಂದು ಹಿಂದೆ ನಿಂತಳು.

“ಏನ ಕಾಣತೈತಿ? ಹುಲ್ಲ ಐತೇನ?”

“ಹುಲ್ಲ ಅಂತ ಹೇಳಾಕ ಬರಾಂಗಿಲ್ಲ. ಕಪ್ಪಗ ಮುಚ್ಚಿದಂಗ ಐತಿ, ಬೋಳ ಇಲ್ಲ. ಆದ್ರ ಇಲ್ಲಿ ನೋಡ. ಗುಡ್ಡದ ಹೆಗಲ ಮ್ಯಾಗಿಂದ ನಿಮ್ಮ ಹೊಲದ ತಲಿಮಟಾ ಒಂದ ಬಿಳೀ ಗೆರಿ.”

“ಏನದು?”

“ದಾರಿ. ಬಂಡಿದಾರಿ ಇಷ್ಟ ಅಗಲ ಇರಾಂಗಿಲ್ಲ. ಟ್ರ್ಯಾಕ್ಟರ್ ಒಂದ ಬ್ಯಾಸಿಗಿ ಪೂರಾ ಅಡ್ಡಾಡಿದ್ರ ಹಿಂಗ ಬೀಳತೈತಿ.”

ಅವಳು ತಕ್ಷಣ ಅಲ್ಲಗಳೆದಳು. ಮಣ್ಣು ಹೇರಿದ ಟ್ರ್ಯಾಕ್ಟರುಗಳು ಬಂದದ್ದು ಕೆಳಗಿನ ಹಳ್ಳದ ದಾರಿಯಲ್ಲಿ. ಅವಳು ನಿಂತು ನೋಡಿದ್ದಾಳೆ. ಮೊದಲ ಬುಟ್ಟಿ ಹೊತ್ತು ನಡೆದದ್ದೂ ಅದೇ ದಾರಿಯಲ್ಲಿ. ನನ್ನ ನೆನಪೂ ಅದೇ. ರಜೆಯಲ್ಲಿ ಬಂದಿದ್ದಾಗ ಒಂದು ಟ್ರಿಪ್ಪಿಗೆ ಮಣ್ಣಿನ ಮೇಲೆ ಕುಳಿತು ಬಂದಿದ್ದೆ. ಹಳ್ಳದ ಉಸುಕಿನಲ್ಲಿ ಗಾಲಿ ಹುಗಿದು ಎಲ್ಲರೂ ಇಳಿದು ನೂಕಿದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಕುರಿಗಾರ ಹಿರಿಯರಿಗೆ ಫೋನ್ ಮಾಡಿ ಕೇಳಿದೆವು. ಅವರದೂ ಒಂದೇ ಮಾತು: “ಗುಡ್ಡದ ಮ್ಯಾಗಿಂದ ಯಾವ ಹುಚ್ಚ ತರ್ತಾನ್ರಿ ಸಾಹೇಬ್ರ? ಹಳ್ಳದಾಗಿಂದ ಬಂದಾವು.”

ಚಿತ್ರವನ್ನು ದೊಡ್ಡದು ಮಾಡಿ ಬಿಳಿ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅದು ಹೆಗಲನ್ನು ದಾಟಿ, ಇಳಿಜಾರನ್ನು ಓರೆಯಾಗಿ ಸೀಳಿ, ಇಂದು ಕೊರಕಲು ಬಾಯಿ ತೆರೆದಿರುವ ಜಾಗದಲ್ಲೇ ಹೊಲದ ಕಪ್ಪಿಗೆ ಕೂಡಿಕೊಂಡಿತ್ತು. ಕುರಿಯಲ್ಲ, ಗಾಣವಲ್ಲ, ಬರವೂ ಅಲ್ಲ. ಅವೆಲ್ಲ ಆಮೇಲೆ ಆ ಗಾಯವನ್ನು ಅಗಲ ಮಾಡಿರಬಹುದು. ನೀರಿಗೆ ಮೊದಲ ದಾರಿ ಕೊಟ್ಟದ್ದು ಹೊಲವನ್ನು ಕಟ್ಟಿದ ಗಾಲಿಗಳೇ.

ಅಕ್ಕ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ಹೊರಗೆ ಬೆಳಕು ಇಳಿಯುತ್ತಿತ್ತು. ಆ ದಿನ ಅವಳು ಊಟ ಮಾಡಲಿಲ್ಲ; ಹೊತ್ತು ಮೀರಿತ್ತು.

“ಈ ಗೆರಿ ಶುರು ಆಗೂ ಜಾಗಾ ನಾಳೆ ನಿನಗ ಗುರ್ತು ಸಿಗತೈತೇನ?” ಎಂದು ಕೇಳಿದಳು.

“ಸಿಗತೈತಿ. ಫೋನಿನಾಗ ಗುರ್ತ ಹಾಕೇನಿ.”

“ಹಂಗಾದ್ರ ಮೊದಲನೇ ಕಲ್ಲ ಅಲ್ಲೇ. ಮಂದಿಗಿ ನಾನ ಹೇಳ್ತೇನಿ, ನಮ್ಮ ದಾರಿಂದ ಆತು ಅಂತ. ಅಣ್ಣಗೂ ಹೇಳ್ತೇನಿ. ನಗತಾನ, ನಗಲಿ.”

“ನೀ ನೋಡಿದ್ದು ಹಳ್ಳದ ದಾರಿ ಅಂತೀಯಲ್ಲ?”

“ಈಗೂ ಅಂತೇನಿ. ಅದಕ್ಕೂ ಕಲ್ಲಿಗೂ ಏನ ಸಂಬಂಧ? ನೀರ ಎಲ್ಲಿ ಬರತೈತಿ ಅಲ್ಲಿ ಕಲ್ಲ ಇಡಬೇಕು.”

ಭಾನುವಾರ ಬೆಳಿಗ್ಗೆ ಗುಡ್ಡದ ಹೆಗಲ ಮೇಲೆ, ಫೋನು ತೋರಿಸಿದ ಜಾಗದಲ್ಲಿ ನಿಂತು ಕೆಳಗೆ ನೋಡಿದಾಗ ಆ ತಗ್ಗು ನನ್ನ ಕಣ್ಣಿಗೂ ಕಂಡಿತು. ಅಕ್ಕ ಹೇಳಬೇಕಾದ್ದನ್ನು ಎಲ್ಲರೆದುರು ಹೇಳಿದಳು. ಹಿರಿಯರು ನಗಲಿಲ್ಲ, ಕಂಬಳಿ ಕೆಳಗಿಟ್ಟು, ಅವಳಿಗೆ ಎತ್ತಲಾಗದ ಕಲ್ಲಿನ ಇನ್ನೊಂದು ತುದಿಯನ್ನು ಹಿಡಿದರು. ಸಂಜೆಯ ಹೊತ್ತಿಗೆ ಮೂರು ಒಡ್ಡುಗಳು ಮೊಣಕಾಲೆತ್ತರಕ್ಕೆ ಬಂದಿದ್ದವು. ಉಳಿದವುಗಳ ಕೆಲಸ ಈಗಲೂ ಭಾನುವಾರಗಳಂದು ನಡೆದಿದೆ.

ದಾಖಲೆಗಾಗಿ ಇಷ್ಟನ್ನು ಸೇರಿಸುತ್ತೇನೆ. ಚಿತ್ರದ ಕಾಲವನ್ನು ಎರಡು ಬಗೆಯಲ್ಲಿ ತಾಳೆ ನೋಡಿದ್ದೇನೆ: ಅದರ ಅಂಚಿನಲ್ಲಿ ಮುದ್ರಿತವಾದ ದಿನಾಂಕ ಮಣ್ಣು ಹೇರಿದ ಬೇಸಿಗೆಯದೇ, ಹೊಳೆಯ ದಂಡೆಯ ಹಳೆಯ ಹೊಲ ಅದರಲ್ಲಿ ಇನ್ನೂ ಮುಳುಗಿಲ್ಲ, ಅರ್ಧ ಕೆತ್ತಿದ ಸ್ಥಿತಿಯಲ್ಲಿದೆ. ಆ ಚಿತ್ರದಲ್ಲಿ ಗುಡ್ಡದ ಮೇಲಿನ ದಾರಿ ಸ್ಪಷ್ಟವಾಗಿದೆ. ಅಂದು ಅಲ್ಲಿದ್ದ ನಮ್ಮ ಮೂವರ ನೆನಪಿನಲ್ಲಿ ಆ ದಾರಿ ಇಲ್ಲ. ನಾವು ಗಾಲಿ ನೂಕಿದ ಹಳ್ಳದ ಉದ್ದಕ್ಕೂ ಚಿತ್ರವನ್ನು ಹುಡುಕಿದ್ದೇನೆ. ಅಲ್ಲಿ ಯಾವ ದಾರಿಯ ಗುರುತೂ ಇಲ್ಲ.